ಒಬ್ಲಿವಿಯೊ ಮತ್ತು ಒಂದು ಗಾದಿ

೧೯೪೯ರಲ್ಲಿ ಕಲಬುರಗಿಯ ಕೋರ್ಟು ಕಚೇರಿಗಳಲ್ಲಿ ನನ್ನಷ್ಟು ಸೊಕ್ಕಿನ ಮನುಷ್ಯ ಇನ್ನೊಬ್ಬನಿದ್ದನೆಂದು ನನಗನಿಸುವುದಿಲ್ಲ. ಹೆಸರು ಖಂಡೆಪ್ಪ, ಕೆಲಸ ತರ್ಜುಮೆ, ನೌಕರಿ ಹಂಗಾಮಿ. ನಿಜಾಮರ ಕಾಲದ ಕಾಗದವೆಲ್ಲ ಉರ್ದುವಿನಲ್ಲಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಮದರಾಸಿನ ಕಡೆಯಿಂದ ಬಂದ ಜಡ್ಜ್ ಸಾಹೇಬರಿಗೆ ಉರ್ದುವೂ ಬಾರದು, ಕನ್ನಡವೂ ಬಾರದು. ಹಾಗಾಗಿ ಹಳೆಯ ಪಂಚನಾಮೆ, ಫಿರ್ಯಾದು, ಹೇಳಿಕೆ ಎಲ್ಲವನ್ನೂ ನಾನು ಇಂಗ್ಲಿಷಿಗೆ ಇಳಿಸಬೇಕು. ಸಾಹೇಬರು ಬಾಯಿಬಿಟ್ಟರೆ ಕನ್ನಡಕ್ಕೆ ತಿರುಗಿಸಬೇಕು. ನಾನಿಲ್ಲದಿದ್ದರೆ ಈ ಜಿಲ್ಲೆಯ ನ್ಯಾಯ ಮೂಕವಾಗುತ್ತದೆಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಅದು ಮೂಕವಾದರೆ ಆಗಲಿ, ಮೊದಲು ಮನೆಗೆ ಜೋಳ ತಂದುಹಾಕಿರಿ ಎನ್ನುತ್ತಿದ್ದಳು ಅವಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರ ಒಂದು ಹುಕುಮು ನನ್ನ ಮೇಜಿಗೆ ಬಂತು. ಕಮಲಾಪುರದ ಬಂಡೆಮ್ಮ ಎಂಬ ವಿಧವೆಯ ಮೇಲೆ ಹೂಡಿದ್ದ ಕೊಲೆಯತ್ನದ ಮೊಕದ್ದಮೆ. ಸಾಯುವುದರಿಂದ ಉಳಿದವನು ಅದೇ ಊರಿನ ಮೈಬೂಬ, ಮನೆಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬಿಕೊಡುವ ಪಿಂಜಾರ. ಅವನಿಗೆ ಆ ದಿನದ ನೆನಪೇ ಇಲ್ಲ. ಸಾಹೇಬರು ಅವನ ಸ್ಥಿತಿಯನ್ನು ವರ್ಣಿಸುತ್ತಾ, ಓದಿದವರ ಚಟ ನೋಡಿ, ಇಂಗ್ಲಿಷಿನ ನಡುವೆ ಒಂದು ಲ್ಯಾಟಿನ್ ಮಾತು ಹಾಕಿದ್ದರು: ಒಬ್ಲಿವಿಯೊ. ಅದನ್ನು ಕನ್ನಡಕ್ಕೆ ಇಳಿಸಿ ಕಮಲಾಪುರಕ್ಕೆ ನೋಟೀಸು ಕಳಿಸಬೇಕಿತ್ತು. ನನ್ನ ನಿಘಂಟಿನಲ್ಲಿ ಆ ಪದವಿರಲಿಲ್ಲ. ನನಗೆ ಬಾರದ ಮಾತೊಂದು ನನ್ನ ಮೇಜಿನ ಮೇಲೇ ಕೂತಿದ್ದು ನನಗೆ ಸಹಿಸಲಾಗಲಿಲ್ಲ.

ಊರಲ್ಲಿ ಲ್ಯಾಟಿನ್ ಬಲ್ಲವರೆಂದರೆ ಸಲಾವುದ್ದೀನ್ ವಕೀಲರೊಬ್ಬರೇ. ಹೈದರಾಬಾದಿನಲ್ಲಿ ಕಾನೂನು ಓದುವಾಗ ಒಬ್ಬ ಪಾದ್ರಿಯ ಹತ್ತಿರ ಕಲಿತವರು. ಕೋಟೆಯ ಕಂದಕದ ಎದುರಿನ ಮನೆಯಲ್ಲಿ ಒಬ್ಬರೇ ಇದ್ದರು. ತಮ್ಮಂದಿರಿಬ್ಬರೂ ಕರಾಚಿಗೆ ಹೋದಾಗ ಇವರನ್ನೂ ಕರೆದರಂತೆ. ನನ್ನ ಪುಸ್ತಕದ ಕಪಾಟು ರೈಲಿನ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಇವರು ಉಳಿದುಬಿಟ್ಟರು. ಬಂಡೆಮ್ಮನ ಪರವಾಗಿ ನಿಂತಿದ್ದವರೂ ಇವರೇ. ಪಿಂಜಾರನನ್ನು ಕೊಲ್ಲಹೋದ ಹೆಂಗಸಿಗೆ ಸಾಬರ ವಕೀಲ ಯಾಕೆ ಎಂದು ಎರಡೂ ಕಡೆಯವರು ಆಡಿಕೊಳ್ಳುತ್ತಿದ್ದರು. ವಕೀಲರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಂದು ಸಂಜೆ ಅವರು ಚಹಾ ಕೊಟ್ಟು, ಆ ಪದವನ್ನು ರೊಟ್ಟಿ ಮುರಿದಂತೆ ಮುರಿದು ತೋರಿಸಿದರು. ಅದು ಸ್ತ್ರೀಲಿಂಗದ ನಾಮಪದ. ಅರ್ಥ ಮರೆವು, ಉರ್ದುವಿನಲ್ಲಿ ನಿಸಿಯಾನ್. ಮೂಲದ ಬಗ್ಗೆ ಪಂಡಿತರಲ್ಲಿ ಜಗಳವಿದೆಯಂತೆ. ಮೇಣದ ಹಲಗೆಯ ಮೇಲೆ ಬರೆದದ್ದನ್ನು ತೀಡಿ ನುಣುಪು ಮಾಡುವುದರಿಂದ ಬಂದದ್ದೆಂದು ಕೆಲವರ ಮಾತು. ನಾನು ಬರೆದುಕೊಂಡು ಏಳುವಷ್ಟರಲ್ಲಿ ಕೈಹಿಡಿದು ಕೂರಿಸಿದರು. ಪದದ ಅರ್ಥ ತಿಳಿದರೆ ಅರ್ಧ ತಿಳಿದಂತೆ, ಬಳಕೆ ತಿಳಿಯಬೇಕು ಎಂದರು. ಒಂದು ಸಂಗತಿ ಮರೆವಿಗೆ ತಾನಾಗಿ ಹೋಗಿ ಬೀಳಬಹುದು. ಅದು ಒಂದು ಬಳಕೆ. ಆದರೆ ಲ್ಯಾಟಿನ್ ಆಡುತ್ತಿದ್ದ ಆ ಹಳೆಯ ಕಾಲದ ಜನ ಒಂದು ಸಂಗತಿಯನ್ನು ಮರೆವಿಗೆ ಕೊಡುತ್ತಿದ್ದರು ಕೂಡ. ತಮ್ಮತಮ್ಮಲ್ಲೇ ಕಡಿದಾಡಿದ ಮೇಲೆ, ಇಷ್ಟಕ್ಕೆ ಸಾಕು, ಇದನ್ನು ಮರೆವಿಗೆ ಕೊಟ್ಟುಬಿಡೋಣ ಎಂದು ಸಭೆಯಲ್ಲಿ ಕೂತು ಒಪ್ಪಿಕೊಂಡದ್ದಿದೆ.

"ನೆನಪಿದ್ದವನೇ ಕೊಡಬಲ್ಲ, ಖಂಡೆಪ್ಪ," ಎಂದರು. "ನೆನಪಿಲ್ಲದವ ಏನು ಕೊಟ್ಟಾನು?"

ಚಂದದ ಮಾತು ಎಂದುಕೊಂಡೆ. ನೋಟೀಸಿನಲ್ಲಿ ಮಾತ್ರ ಮರೆವಿನ ಬೇನೆ ಎಂದು ಬರೆದು ಕಳಿಸಿದೆ.

ಮೊಕದ್ದಮೆಯ ಸಂಗತಿ ಇಷ್ಟು. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಫೌಜು ಹೈದರಾಬಾದಿಗೆ ನುಗ್ಗಿ, ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಆಟ ಮುಗಿದ ವಾರ. ವರ್ಷವಿಡೀ ರಜಾಕಾರರ ಕೈಯಲ್ಲಿ ನುಗ್ಗಾದ ಹಳ್ಳಿಗಳಲ್ಲಿ ಈಗ ಸೇಡಿನ ಗುಂಪುಗಳು ಎದ್ದಿದ್ದವು. ಯಾರು ರಜಾಕಾರ, ಯಾರು ಬರೀ ಸಾಬರವ ಎಂದು ನೋಡುವ ತಾಳ್ಮೆ ಅವಕ್ಕಿರಲಿಲ್ಲ. ಮೈಬೂಬ ಬಂಡೆಮ್ಮನ ಮನೆಯಲ್ಲಿ ಹತ್ತಿ ಹಿಂಜುತ್ತಿದ್ದ. ಅವನ ಹೆಂಡತಿ ಮಸ್ತಾನಬಿ ಹಿಂದಿನ ದಿನ ತವರಿಗೆ ಹೋಗಿದ್ದವಳು, ಸುದ್ದಿ ಕೇಳಿ ಓಡೋಡಿ ಬಂದಳು. ಬಂದಾಗ ಬಂಡೆಮ್ಮ ತನ್ನ ಅಂಗಳದಲ್ಲಿ, ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಮೊರ ಹಿಡಿದು ಕೂತಿದ್ದಳು. ನಿನ್ನ ಗಂಡ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ ಎಂದಳು. ಅಷ್ಟರಲ್ಲಿ ಫೌಜಿನ ಜೀಪು ಬಂತು. ಆಗ ಬಂಡೆಮ್ಮ ತಾನಾಗಿ ಎದ್ದು ಕಲ್ಲು ಸರಿಸಿದಳು. ಒಳಗಿಂದ ಹಗ್ಗ ಕಟ್ಟಿ ಮೇಲೆತ್ತಿದ್ದು ಹೆಣದಂತೆ ಜೋತುಬಿದ್ದ ಮೈಬೂಬನನ್ನು. ಜೀವ ಉಳಿಯಿತು, ಆ ವಾರದ ನೆನಪು ಉಳಿಯಲಿಲ್ಲ.

ನಮ್ಮ ಕಡೆ ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಹಳ್ಳ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಒಂದೂವರೆ ಆಳು. ಮುಚ್ಚಿಟ್ಟ ಹಗೇವಿನಲ್ಲಿ ಉಸಿರುಕಟ್ಟಿಸುವ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಆಮೇಲೆ ದೀಪ ಇಳಿಸಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಕಮಲಾಪುರದ ಎಳೆ ಮಕ್ಕಳಿಗೂ ಗೊತ್ತು. ಬಂಡೆಮ್ಮನಿಗೆ ಗೊತ್ತಿರಲಿಲ್ಲವೆಂದು ಯಾರು ನಂಬಬೇಕು? ಅವಳ ಹೇಳಿಕೆಯೂ ಹಾಗೇ ಇತ್ತು. ತಪ್ಪು ನಂದೇ, ನಾನೇ ಇಳಿಸಿದೆ, ನಾನೇ ಮುಚ್ಚಿದೆ. ಅಷ್ಟೇ. ಯಾಕೆ ಎಂದು ಕೇಳಿದರೆ ಬಾಯಿ ಹೊಲಿದುಕೊಂಡವಳಂತೆ ಕೂರುತ್ತಿದ್ದಳು. ಮಸ್ತಾನಬಿ ಫಿರ್ಯಾದು ಕೊಟ್ಟಳು. ಶಿಕ್ಷೆಯಾದರೆ ಏಳೆಂಟು ವರ್ಷ ಖಂಡಿತ ಎಂದು ವಕೀಲರೇ ಹೇಳುತ್ತಿದ್ದರು.

ಡಿಸೆಂಬರಿನಲ್ಲಿ ಮೈಬೂಬನ ಹೇಳಿಕೆ ಬರೆದುಕೊಳ್ಳಲು ನಾನು, ವಕೀಲರು, ಸರ್ಕಾರಿ ಕಡೆಯ ಒಬ್ಬ ಗುಮಾಸ್ತರು ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆವು. ಮೈಬೂಬ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹತ್ತಿ ಹಿಂಜುತ್ತಿದ್ದ. ಕೈ ಏನನ್ನೂ ಮರೆತಿರಲಿಲ್ಲ. ಹಿಂಜುವ ಬಿಲ್ಲಿನ ಹೆದೆ ಟಂಯ್ ಟಂಯ್ ಎನ್ನುತ್ತಿತ್ತು, ಹತ್ತಿ ಹಾರಿ ಅವನ ಹುಬ್ಬಿನ ಮೇಲೆ ಕೂರುತ್ತಿತ್ತು. ಆ ವಾರ ಮಾತ್ರ ಪೂರಾ ಅಳಿಸಿಹೋಗಿತ್ತು. ಬಂಡೆಮ್ಮ ನಿನ್ನನ್ನು ತಳ್ಳಿದಳೇ ಎಂದು ನಾನು ಕೇಳಿದೆ. ಅವನು ಬಿಲ್ಲು ಕೆಳಗಿಟ್ಟು ಹುಬ್ಬಿನ ಹತ್ತಿ ಒರೆಸಿಕೊಂಡ.

"ಬಂಡೆಕ್ಕ ಊಟಕ್ಕ ಕರೀತಿದ್ಲು, ಅಷ್ಟು ನೆನಪದ್ರಿ," ಎಂದ. "ಅದು ಯಾವ ದಿನದ್ದೋ ಗೊತ್ತಿಲ್ಲ."

ಒಳಗಿಂದ ಮಸ್ತಾನಬಿ ಬಂದು, ಇವನಿಗೆ ಎಲ್ಲರೂ ಒಳ್ಳೆಯವರೇ, ಇವನ ಮಾತು ಬರೆಯಬೇಡಿ ಎಂದು ಗದರಿದಳು. ಅವಳ ಕಣ್ಣಲ್ಲಿ ಒಂದು ವರ್ಷದ ನಿದ್ದೆಗೇಡಿತ್ತು. ಬಂಡೆಮ್ಮನ ಮನೆಯ ಉಪ್ಪು ತಿಂದು ಬೆಳೆದ ಸ್ನೇಹ ಇದಾಗಿತ್ತು, ಅವಳೇ ಹೀಗೆ ಮಾಡಿದರೆ ಇನ್ನು ಯಾರ ಅಂಗಳಕ್ಕೆ ಗಂಡನನ್ನು ಕಳಿಸಲಿ ಎಂದಳು.

ಗುಮಾಸ್ತರನ್ನು ಬಸ್ಸಿಗೆ ಕಾಯಲು ಬಿಟ್ಟು ವಕೀಲರೂ ನಾನೂ ಬಂಡೆಮ್ಮನ ಮನೆಗೆ ಹೋದೆವು. ಜಾಮೀನಿನ ಮೇಲಿದ್ದಳು. ಹಿತ್ತಲಲ್ಲಿ ಕೆಂಪು ಬಾಳೆಯ ತೋಟ, ಅಂಗಳದಲ್ಲಿ ಆ ಹಗೇವು. ಅದರ ಬಾಯಿ ತೆರೆದೇ ಇತ್ತು. ಅಂದಿನಿಂದ ಮುಚ್ಚಿಲ್ಲವಂತೆ, ತುಂಬಿಯೂ ಇಲ್ಲವಂತೆ. ಅವಳ ಮಗಳು ಹಣಮಮ್ಮನ ಮದುವೆ ಗೊತ್ತಾಗಿತ್ತು, ಕೋರ್ಟಿನ ಗಲಾಟೆ ಮುಗಿಯಲಿ ಎಂದು ಬೀಗರು ನಿಲ್ಲಿಸಿದ್ದರು. ಹುಡುಗಿ ಬಾಳೆಹಣ್ಣು ತಂದಿಟ್ಟಳು. ವಕೀಲರು ಮೆಲ್ಲಗೆ, ನೀನು ಅವನನ್ನು ಯಾರಿಂದಲೋ ಬಚ್ಚಿಟ್ಟೆ ಎಂದು ನನಗನಿಸುತ್ತದೆ, ಅಷ್ಟು ಹೇಳಿಬಿಡು ಎಂದರು.

"ಬಚ್ಚಿಟ್ಟೆ ಅಂದ್ರ, ಯಾರಿಗಿ ಹೆದರಿ ಅಂತ ಕೇಳ್ತಾರ್ರಿ," ಎಂದಳು ಬಂಡೆಮ್ಮ. "ಆ ಹೆಸರು ನನ್ನ ತವರಿನಾಗ, ತಮ್ಮನ ಮನ್ಯಾಗ ಅವ. ಹೇಳಂಗಿಲ್ಲ. ಗಾಳಿ ಆಡಿಸಬೇಕಂತ ಮರತಿದ್ದು ನಾನು. ಕೊಂದಂಗೇ ಆತು."

ನನಗೆ ಕನಿಕರವಾಯಿತು, ಸಿಟ್ಟೂ ಬಂತು. ಇಂಥ ಹಟಮಾರಿಗೆ ಯಾವ ವಕೀಲ ಏನು ಮಾಡಿಯಾನು ಎಂದುಕೊಳ್ಳುತ್ತ ಮೂಲೆಯಲ್ಲಿದ್ದ ಹೊಸ ಮಂಚದ ಮೇಲೆ ಕೂತೆ. ಬರೀ ಹಗ್ಗ, ತೊಡೆಗೆ ಒತ್ತಿತು. ಬಂಡೆಮ್ಮ ನಾಚಿಕೊಂಡಳು. ಮಗಳ ಮದುವೆಗೆಂದು ತಂದ ಮಂಚ, ಅದರ ಗಾದಿ ಸರ್ಕಾರದ ಹತ್ತಿರ ಅದೆ ಎಂದಳು.

ಹಣ್ಣು ನನ್ನ ಬಾಯಲ್ಲೇ ಉಳಿಯಿತು. ಸರ್ಕಾರಕ್ಕೆ ಇವಳ ಗಾದಿ ಯಾಕೆ? ಕೇಳಬೇಕೆನ್ನುವಷ್ಟರಲ್ಲಿ ಉತ್ತರ ನನ್ನೊಳಗಿಂದಲೇ ಬಂತು. ಆ ಮೊಕದ್ದಮೆಯ ಪಂಚನಾಮೆ ನಾನೇ ತರ್ಜುಮೆ ಮಾಡಿದ್ದು. ಜುಲೈ ತಿಂಗಳು, ದಿನಕ್ಕೆ ಹನ್ನೆರಡು ಕಾಗದ ಮುಗಿಸಬೇಕಿದ್ದ ಕಾಲ. ಕೊನೆಯ ಪುಟದ ಹಿಂಬದಿಯಲ್ಲಿ ಅವಸರದ ಉರ್ದು ಅಕ್ಷರದಲ್ಲಿ ಸಾಮಾನುಗಳ ಒಂದು ಪಟ್ಟಿ ಇತ್ತು. ರೊಟ್ಟಿ, ಬಾಳೆಹಣ್ಣು, ಗಾದಿ ಎಂದೇನೋ ಓದಿದ ನೆನಪು. ಮದರಾಸಿನ ಸಾಹೇಬರಿಗೆ ಬಂಡೆಮ್ಮನ ಮನೆಯ ರೊಟ್ಟಿ ಲೆಕ್ಕ ಯಾಕೆ ಎಂದು ನಕ್ಕು, ಆ ಪುಟವನ್ನು ಹಾಗೇ ಬಿಟ್ಟಿದ್ದೆ. ಬಿಟ್ಟೆನೆಂಬುದನ್ನೂ ಮರೆತಿದ್ದೆ. ಮೇಣದ ಹಲಗೆ ತೀಡಿದ್ದು ಯಾರು ಎಂದು ಈಗ ಗೊತ್ತಾಯಿತು.

ಬಸ್ಸಿನಲ್ಲಿ ನಾನು ಬಾಯಿಬಿಡಲಿಲ್ಲ. ಮರುದಿನ ಕಚೇರಿ ತೆರೆಯುವುದನ್ನೇ ಕಾದು ಮೂಲ ಕಾಗದ ತೆಗೆಸಿ ನೋಡಿದೆ. ಹಗೇವಿನ ಒಳಗೆ ಸಿಕ್ಕ ಸಾಮಾನು: ನೀರು ತುಂಬಿದ ಮಣ್ಣಿನ ಮಗಿ ಒಂದು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಐದು, ಕೆಂಪು ಬಾಳೆಹಣ್ಣು ನಾಲ್ಕು, ಹೊಸ ಗಾದಿ ಒಂದು. ಮೊದಲ ಮೂರು ಸಾಮಾನು ಕೆಡುತ್ತವೆಂದು ಅಲ್ಲೇ ಬಿಟ್ಟದ್ದು, ಗಾದಿ ಜಪ್ತಿ ಸಾಮಾನಿಡುವ ಮಾಲಖಾನೆಗೆ ಸೇರಿದ್ದು. ಕೊಲ್ಲಬೇಕೆಂದ ಮನುಷ್ಯನಿಗೆ ಯಾರು ಐದು ರೊಟ್ಟಿ ಕಟ್ಟಿಕೊಡುತ್ತಾರೆ?

ಇನ್ನು ನನ್ನ ಮಾನಗೇಡಿ ಮನಸ್ಸಿನ ಕಥೆ ಕೇಳಿ. ಅದೇ ತಿಂಗಳು ನನ್ನ ನೌಕರಿ ಕಾಯಂ ಆಗುವ ಹುಕುಮು ಬರಬೇಕಿತ್ತು. ಉರ್ದು ಕಾಗದಗಳು ಮುಗಿಯುತ್ತ ಬಂದಿದ್ದವು, ನನ್ನಂಥ ಇಬ್ಬರನ್ನು ಬೇರೆ ಕಚೇರಿಗಳಲ್ಲಿ ಆಗಲೇ ಮನೆಗೆ ಕಳಿಸಿದ್ದರು. ಪುಟ ಹಾರಿಸಿದವನೆಂದು ತಿಳಿದರೆ ನನ್ನದೂ ಮುಗಿಯಿತು. ಎರಡು ದಿನ ಶಹಾಬಜಾರದ ಓಣಿಗಳಲ್ಲಿ ಸುಮ್ಮನೆ ತಿರುಗಿದೆ. ಯಾರಿಗೂ ಗೊತ್ತಿಲ್ಲ, ನಾನೂ ಮತ್ತೆ ಮರೆತುಬಿಟ್ಟರಾಯಿತು ಎಂದು ಒಂದು ಮನಸ್ಸು. ಮರೆಯಲು ಕೂತರೆ ಆ ಹಗ್ಗದ ಮಂಚ ತೊಡೆಗೆ ಒತ್ತುತ್ತಿತ್ತು. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಜೋಳ ಎಲ್ಲಿಂದಾದರೂ ತರೋಣ, ಹೋಗಿ ಹೇಳಿ ಬನ್ನಿ ಎಂದಳು. ಅವಳ ಮೇಲೆ ಅಷ್ಟು ಪ್ರೀತಿ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ಸಲಾವುದ್ದೀನ್ ವಕೀಲರಿಗೆ ಹೋಗಿ ಎಲ್ಲ ಹೇಳಿದೆ. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮೂಲ ಕಾಗದ ಹೊಸದಾಗಿ ಸಿಕ್ಕಿತೆಂದು ನಾನೇ ಅರ್ಜಿ ಹಾಕಬಹುದು, ನಿನ್ನ ಹೆಸರು ಬಾರದ ಹಾಗೆ ಮಾಡಬಹುದು ಎಂದರು. ಆಮೇಲೆ ತಾವೇ ತಲೆಯಾಡಿಸಿ, ಆಗ ಸರ್ಕಾರದವರು ಅದನ್ನು ಕಟ್ಟುಕಥೆ ಎನ್ನುತ್ತಾರೆ, ನೀನು ನಿಂತು ಹೇಳಿದರೆ ಯಾರೂ ಅನ್ನಲಾರರು ಎಂದರು. ನಿರ್ಧಾರ ನನಗೆ ಬಿಟ್ಟು ಚಹಾ ತರಲು ಎದ್ದುಹೋದರು.

ಜನವರಿಯ ಎರಡನೆಯ ವಾರ ವಿಚಾರಣೆ. ಸಾಹೇಬರು ಕೂತರು. ನಾನು ಎಂದಿನಂತೆ ಪಕ್ಕದಲ್ಲಿ ನಿಲ್ಲುವ ಬದಲು ಎದುರಿಗೆ ಹೋಗಿ ನಿಂತೆ. ಇಂಗ್ಲಿಷಿನಲ್ಲಿ ನನ್ನ ತಪ್ಪು ಹೇಳಿದೆ. ಆಮೇಲೆ, ಯಾರೂ ಕೇಳದಿದ್ದರೂ, ಮಸ್ತಾನಬಿಗೂ ಬಂಡೆಮ್ಮನಿಗೂ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಹೇಳಿದೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ತರ್ಜುಮೆ ಮತ್ತೊಂದಿಲ್ಲ. ಪಟ್ಟಿ ಓದಿದೆ. ಐದು ರೊಟ್ಟಿ ಎಂದಾಗ ಮಸ್ತಾನಬಿ ತಲೆಯೆತ್ತಿದಳು. ಗಾದಿ ಎಂದಾಗ ಎದ್ದು ನಿಂತಳು. ಕೂರು ಎಂದು ಜವಾನ ಹೇಳಿದರೂ ಕೂರಲಿಲ್ಲ.

ಸಾಹೇಬರು ಮಾಲಖಾನೆಯಿಂದ ಗಾದಿ ತರಿಸಿದರು. ಧೂಳು ಹಿಡಿದು, ಒಂದು ಮಗ್ಗುಲಿಗೆ ತೇವದ ಕಲೆ ಬಿದ್ದಿತ್ತು. ಮಸ್ತಾನಬಿ ಅಪ್ಪಣೆ ಕೇಳದೆ ಮುಂದೆ ಬಂದು ಅದರ ಮೂಲೆ ಮಗುಚಿ ನೋಡಿದಳು. ಅಂಚಿನುದ್ದಕ್ಕೂ ಕೆಂಪು ದಾರದ ಹೊಲಿಗೆ, ಮೂಲೆಯಲ್ಲಿ ಮೂರು ಗಂಟು. ಗಾದಿಗಳ ಮೂಲೆಗೆ ಅವಳೊಬ್ಬಳೇ ಹಾಕುವ ಗುರುತು ಅದು. ಗಂಡ ಹತ್ತಿ ತುಂಬಿದ ಆ ಗಾದಿಯನ್ನು ತವರಿಗೆ ಹೋಗುವ ಮುನ್ನಾದಿನ ಅವಳೇ ಕೂತು ಹೊಲಿದಿದ್ದಳು. ಅವಳು ಆ ಗಂಟುಗಳ ಮೇಲೆ ಬೆರಳಿಟ್ಟು ಅಳತೊಡಗಿದಳು.

ಏನು ಹೇಳುತ್ತಿದ್ದಾಳೆ ಎಂದು ಸಾಹೇಬರು ನನ್ನತ್ತ ನೋಡಿದರು. ಅವಳು ಹೇಳಿದ್ದು ಇದು: ಇದು ಹಣಮಮ್ಮನ ಮದುವೆ ಗಾದಿ. ಮದುವೆ ಗಾದಿಯ ಮೇಲೆ ಮದುಮಕ್ಕಳಿಗಿಂತ ಮೊದಲು ಯಾರೂ ಕೂರುವಂತಿಲ್ಲ. ಹೊಲಿಯುವ ತಾನು ಕೂಡ ನೆಲದ ಮೇಲೆ ಕೂತೇ ಹೊಲಿದದ್ದು. ಬೆಕ್ಕು ಹತ್ತಿದರೂ ಬಂಡೆಕ್ಕ ಕೋಲು ತಗೊಂಡು ಓಡಿಸುತ್ತಿದ್ದಳು. ಅಂಥ ಗಾದಿಯನ್ನು ಹಗೇವಿನ ಹಸಿ ನೆಲಕ್ಕೆ ಹಾಸಿ ತನ್ನ ಗಂಡನನ್ನು ಅದರ ಮೇಲೆ ಮಲಗಿಸಿದ್ದಾಳೆ.

"ಸಾಯಿಸೋರು ಹಿಂಗ ಹಾಸಂಗಿಲ್ರೀ," ಎಂದಳು ಮಸ್ತಾನಬಿ.

ಸಾಹೇಬರು ಬಂಡೆಮ್ಮನತ್ತ ತಿರುಗಿದರು. ಹಾಗಾದರೆ ಯಾರಿಂದ ಬಚ್ಚಿಟ್ಟೆ, ಆ ಹೆಸರುಗಳನ್ನು ಹೇಳು ಎಂದರು. ನಾನು ಕನ್ನಡದಲ್ಲಿ ಕೇಳಿದೆ. ಬಂಡೆಮ್ಮ ಕಟಕಟೆಯ ಮರ ಹಿಡಿದು ನೆಲ ನೋಡುತ್ತಿದ್ದಳು. ತನ್ನ ತಮ್ಮನ ಮಕ್ಕಳ ಹೆಸರು ಹೇಳುವುದಕ್ಕಿಂತ ಜೈಲಿಗೆ ಹೋಗುವುದೇ ಲೇಸು ಎಂದು ಅವಳ ಮುಖದಲ್ಲೇ ಬರೆದಿತ್ತು. ಸಾಹೇಬರು ಇನ್ನೊಮ್ಮೆ ಕೇಳಿದರು. ಆಗ ಮಸ್ತಾನಬಿ ನಡುವೆ ಬಂದಳು.

"ಆ ಹೆಸರು ನನಗ ಬ್ಯಾಡ್ರಿ," ಎಂದಳು. "ಯಾರು ಅಂತ ನನಗ ಗೊತ್ತದ. ಊರಿಗೆಲ್ಲ ಗೊತ್ತದ. ರಜಾಕಾರರ ಕಾಲದಾಗ ಅವ್ರ ಮನಿ ನಮ್ಮೋರೇ ಸುಟ್ಟಿದ್ರು, ಅದೂ ಗೊತ್ತದ. ನಾ ಕೇಳಂಗಿಲ್ಲ. ಇಲ್ಲಿಗಿ ಬಿಡ್ರಿ."

ಇದನ್ನು ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಇಳಿಸಿದೆ. ಸಲಾವುದ್ದೀನ್ ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ಅಂದು ಸಂಜೆ ಹೇಳಿದ ಎರಡನೆಯ ಬಳಕೆ, ಕೊಡುವುದು, ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಅಕ್ಷರ ಬಾರದ ಹೆಂಗಸು, ಎಲ್ಲ ನೆನಪಿಟ್ಟುಕೊಂಡು, ಅದನ್ನು ಕೊಟ್ಟುಬಿಟ್ಟಳು. ಸಾಹೇಬರು ಬಹಳ ಹೊತ್ತು ಬರೆಯುತ್ತ ಕೂತರು, ಮತ್ತೆ ಹೆಸರು ಕೇಳಲಿಲ್ಲ. ಮೂರನೆಯ ದಿನ ಬಂಡೆಮ್ಮನ ಬಿಡುಗಡೆಯಾಯಿತು.

ನನ್ನ ಹಣೆಬರಹವೂ ಬರೆಯಲ್ಪಟ್ಟಿತು. ಕಾಯಂ ಆಗಲಿಲ್ಲ. ಇನ್ನೊಂದು ವರ್ಷ ಹಂಗಾಮಿ, ಜೊತೆಗೆ ನೌಕರಿ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು. ತಪ್ಪನ್ನು ತಾನೇ ಒಪ್ಪಿಕೊಂಡದ್ದರಿಂದ ಮನೆಗೆ ಕಳಿಸಿಲ್ಲ ಎಂದು ಸಾಹೇಬರು ಅದರಲ್ಲೇ ಬರೆದರು. ಅಂದಿನಿಂದ ನಿವೃತ್ತಿಯವರೆಗೆ ನಾನು ಯಾವ ಕಾಗದದ ಹಿಂಬದಿಯನ್ನೂ ನೋಡದೆ ಕೆಳಗಿಟ್ಟವನಲ್ಲ.

ಆ ಬೇಸಿಗೆಯಲ್ಲಿ ಹಣಮಮ್ಮನ ಮದುವೆಗೆ ಕರೆ ಬಂತು. ವಕೀಲರೂ ನಾನೂ ಎರಡು ದಿನ ಮೊದಲೇ ಹೋದೆವು. ಮೈಬೂಬ ಆ ಹಳೆಯ ಗಾದಿ ಬಿಚ್ಚಿ ಹತ್ತಿಯನ್ನೆಲ್ಲ ಮತ್ತೆ ಹಿಂಜಿದ್ದ, ಹಿಂಜಿದರೆ ಹತ್ತಿ ಹೊಸದೇ ಎಂದು ಬೀಗರ ಕಡೆಯವರಿಗೂ ಹೇಳಿ ಒಪ್ಪಿಸಿದ್ದ. ಹೊಸ ಬಟ್ಟೆಗೆ ಮಸ್ತಾನಬಿಯ ಕೆಂಪು ದಾರ ಬಿದ್ದಿತ್ತು, ಮೂಲೆಯಲ್ಲಿ ಮೂರು ಗಂಟು. ನಾನು ಮರೆತು ಅದರ ಮೇಲೆ ಕೂರಹೋದಾಗ ಇಬ್ಬರು ಹೆಂಗಸರೂ ಒಟ್ಟಿಗೆ ಗದರಿದರು.

ಅಂಗಳದಲ್ಲಿ ನಾಲ್ಕು ಚೀಲ ಜೋಳ ಇತ್ತು. ಎರಡು ಬಂಡೆಮ್ಮನವು, ಎರಡು ಮಸ್ತಾನಬಿಯವು. ಆ ವರ್ಷ ತನ್ನ ಮನೆಯ ಜೋಳವನ್ನೂ ಬಂಡೆಕ್ಕನ ಹಗೇವಿನಲ್ಲೇ ತುಂಬಿಡುತ್ತೇನೆಂದು ಅವಳು ಹೊರಿಸಿಕೊಂಡು ಬಂದಿದ್ದಳು. ಹಗೇವಿಗೆ ಹುಲ್ಲು ಹಾಸಲು ಯಾರಾದರೂ ಇಳಿಯಬೇಕಿತ್ತು. ಒಂದೂವರೆ ವರ್ಷದಿಂದ ಬಾಯಿ ತೆರೆದೇ ಇದ್ದ ಹಗೇವು. ಅದರಲ್ಲಿ ಕೆಟ್ಟ ಗಾಳಿ ಇರಲು ಸಾಧ್ಯವೇ ಇಲ್ಲ. ಆದರೂ ಬಂಡೆಮ್ಮ ಅಂಚಿನಲ್ಲಿ ನಿಂತು ಯಾರನ್ನೂ ಇಳಿಯಬಿಡಲಿಲ್ಲ.

ಮೈಬೂಬ ಸೊಂಟಕ್ಕೆ ಬಟ್ಟೆ ಬಿಗಿದು, ನಾನೇ ಇಳೀತೀನಿ ಎಂದು ಮುಂದೆ ಬಂದ. ಅವನಿಗೆ ಆ ಹಗೇವಿನ ನೆನಪಿಲ್ಲ, ಹೆದರಿಕೆಯೂ ಇಲ್ಲ. ನೆನಪಿದ್ದವರು ಇಬ್ಬರೇ. ಮಸ್ತಾನಬಿ ಗಂಡನ ತೋಳು ಹಿಡಿದು ನಿಲ್ಲಿಸಿ, ದೀಪಕ್ಕೆ ಹಗ್ಗ ಕಟ್ಟಿ, ಬಂಡೆಮ್ಮನ ಪಕ್ಕದಲ್ಲಿ ಮೊಣಕಾಲೂರಿ ಮೆಲ್ಲಗೆ ಒಳಗೆ ಇಳಿಸಿದಳು. ನಾವೆಲ್ಲ ಬಗ್ಗಿ ನೋಡಿದೆವು. ದೀಪ ತಳಕ್ಕೆ ಮುಟ್ಟಿತು. ಒಂದು ಗಳಿಗೆ ಅಲುಗಿ, ನೆಟ್ಟಗೆ ನಿಂತು ಉರಿಯಿತು.

"ಉರೀತದ, ಅಕ್ಕಾ," ಎಂದಳು ಮಸ್ತಾನಬಿ. "ಈಗ ನೀನೇ ಇಳಿಸು ಅವನ್ನ."

ಬಂಡೆಮ್ಮ ಹಗ್ಗ ಹಿಡಿದಳು. ಮೈಬೂಬ ಇಳಿದ. ಅವನು ಕೆಳಗಿಂದ ಹುಲ್ಲು ಕೊಡಿರೆಂದು ಕೂಗುವವರೆಗೆ ಇಬ್ಬರೂ ಆ ಹಗ್ಗವನ್ನು ಬಿಡಲಿಲ್ಲ.